ಗದ್ದಿಗೆ ಹೊಲದ ಕೂಸು

ಕಳೆದ ತಿಂಗಳು ತಂಗಿಯ ಮಗಳ ಬಾಣಂತನಕ್ಕೆ ಹೋಗಿದ್ದೆ. ಹಿತ್ತಲ ಒಲೆಯ ಮೇಲೆ ಹಂಡೆಯಲ್ಲಿ ಲಕ್ಕಿಸೊಪ್ಪು ಕುದಿಯುತ್ತಿತ್ತು. ನೀರು ಹಾಕುವವಳು ಮುಚ್ಚಳ ತೆಗೆದದ್ದೇ ತಡ, ಆ ಕಹಿ ವಾಸನೆ ಹಬೆಯ ಜೊತೆ ಮುಖಕ್ಕೆ ಬಂತು. ಬಾಣಂತಿ ಮನೆಯಲ್ಲಿ ಸಮಾಧಿ ನೆನಪಾಗಬಾರದು, ನನಗೆ ಅದೇ ನೆನಪಾಯಿತು. ಬಾಯಿಬಿಟ್ಟಿದ್ದರೆ ತಂಗಿ ನನ್ನನ್ನು ಆಗಲೇ ಬಸ್ ಹತ್ತಿಸಿಬಿಡುತ್ತಿದ್ದಳು. ಸುಮ್ಮನೆ ಸೌದೆ ಮುಂದಕ್ಕೆ ತಳ್ಳುತ್ತ ಕೂತೆ. ಹರಿಹರದಾಚೆ ಹೊಳೆದಂಡೆಯ ಒಂದು ಹೊಲ, ಅದರ ಮೂಲೆಯಲ್ಲಿ ಆಳೆತ್ತರ ಬೆಳೆದ ಲಕ್ಕಿ ಪೊದೆ, ಪೊದೆಯೊಳಗೆ ಮುಳುಗಿದ ಹಳೆಯ ಗದ್ದಿಗೆಗಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಅದರೊಳಗೆ ನುಗ್ಗಿದ ನಮ್ಮ ಓನರಮ್ಮ...

ತೊಂಬತ್ತರ ದಶಕದ ಕೊನೆ. ನನಗೆ ಮದುವೆಯಾದ ಹೊಸತು. ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಅವರ ಮನೆಯ ಹಿಂಭಾಗದಲ್ಲಿ ನಾವು ಬಾಡಿಗೆಗಿದ್ದೆವು. ಎದುರಿಗೆ ಅಮ್ಮಾರೆ ಅನ್ನುತ್ತಿದ್ದೆ, ಹಿಂದಿನಿಂದ ಓನರಮ್ಮ. ಅರವತ್ತು ದಾಟಿದ್ದರೂ ನಡಿಗೆಯಲ್ಲಿ ಒಂದು ಠೀವಿ. ನಲ್ಲಿ ತೊಟ್ಟಿಕ್ಕಿದರೆ ಮುಂದಿನ ಮನೆಯಿಂದಲೇ ಕೇಳಿಸುತ್ತಿತ್ತು ಅವರಿಗೆ. ಬೈಯುವುದಕ್ಕೆ ಬಂದವರು ಕೈಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ ಹಿಡಿದೇ ಬರುತ್ತಿದ್ದರು. ಬೈಗುಳವನ್ನೂ ರೊಟ್ಟಿಯನ್ನೂ ಒಟ್ಟಿಗೆ ಇಸಿದುಕೊಳ್ಳುವುದು ನನಗೆ ಬೇಗ ರೂಢಿಯಾಯಿತು. ಅವರ ಯಜಮಾನರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಇಬ್ಬರು ಗಂಡುಮಕ್ಕಳು ಮಂಡಿಪೇಟೆಯ ಕಡೆ ಕಾಳುಕಡಿಯ ವ್ಯಾಪಾರದಲ್ಲಿದ್ದರು, ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೇ ಮನೆಗೆ.

ಮೊದಲ ದೀಪಾವಳಿಯ ಅಮಾವಾಸ್ಯೆಗೆ ಹಿರೇರ ಹಬ್ಬ ಅಂತ ನನ್ನನ್ನೂ ಅಡುಗೆಗೆ ಕರೆದರು. ತೀರಿಕೊಂಡ ಹಿರಿಯರ ಹೆಸರಿನಲ್ಲಿ ಹೊಸ ಬಟ್ಟೆ ಇಟ್ಟು, ಎದುರಿಗೆ ಎಲೆಯಲ್ಲಿ ಎಡೆ ಹಾಕುವ ಹಬ್ಬ. ಯಜಮಾನರಿಗೆ ಒಂದು ಪಂಚೆ, ಮಾವನಿಗೆ ಒಂದು ಪಂಚೆ. ಸೀರೆ ಕಾಣಲಿಲ್ಲ. ಹೊಸ ಹುಡುಗಿಯ ಉತ್ಸಾಹದಲ್ಲಿ, ಅತ್ತೆಯವರಿಗೆ ಇಡುವುದಿಲ್ಲವಾ ಅಂತ ಕೇಳಿಬಿಟ್ಟೆ. ಅವರು ಹೋಳಿಗೆಯ ಮೇಲೆ ತುಪ್ಪ ಹಾಕುತ್ತಲೇ, ಇಡುವುದಿಲ್ಲ ಅಂದರು. ಆ ದನಿಗೆ ಇನ್ನೊಂದು ಪ್ರಶ್ನೆ ಕೇಳುವ ಧೈರ್ಯ ಯಾರಿಗೂ ಬರುವಂತಿರಲಿಲ್ಲ. ಸತ್ತವರ ಮೇಲೂ ಇಷ್ಟು ಹಟವಾ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ದಾವಣಗೆರೆ ಆಗ ಹೊಸದಾಗಿ ಜಿಲ್ಲೆಯಾಗಿತ್ತು. ಎಲ್ಲಿ ನೋಡಿದರೂ ಮನೆ ಕಟ್ಟುವವರು, ಆನೆಕೊಂಡದ ಆಚೆಗೂ ಸೈಟುಗಳ ಕಲ್ಲು ನೆಟ್ಟಿದ್ದರು. ಇಟ್ಟಿಗೆಗೆ ಎಲ್ಲಿಲ್ಲದ ಗಿರಾಕಿ. ಒಂದು ಮಧ್ಯಾಹ್ನ ಅವರ ಊರಿನ ಕಡೆಯ ಹೆಂಗಸೊಬ್ಬಳು ಬಂದು ಮಾತಿನ ನಡುವೆ, ನಿಮ್ಮ ಮೈದುನ ಹೊಳೆದಂಡೆ ಹೊಲದ ಮಣ್ಣನ್ನು ಇಟ್ಟಿಗೆ ಭಟ್ಟಿಯವರಿಗೆ ಕೊಟ್ಟಿದ್ದಾನೆ, ಮುಂದಿನ ವಾರ ಅಗೆಯುತ್ತಾರೆ ಅಂತ ಹೇಳಿ, ಕಾಫಿ ಕುಡಿದು ಹೋದಳು.

ಅವಳು ಹೋದ ಮೇಲೆ ಓನರಮ್ಮ ನಮ್ಮ ಅಡುಗೆಮನೆಗೆ ಬಂದು ನೆಲದ ಮೇಲೆ ಕೂತರು. ಅವರು ಕೈಯಲ್ಲಿ ಏನೂ ಇಲ್ಲದೆ ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಆ ಹೊಲದ ಮೂಲೆಯಲ್ಲೇ ಅವರ ಮನೆತನದವರನ್ನೆಲ್ಲ ಮಣ್ಣು ಮಾಡುತ್ತಿದ್ದದ್ದು. ಹಿರಿಯರಿಗೆ ಕಲ್ಲಿನ ಗದ್ದಿಗೆ ಕಟ್ಟಿಸುತ್ತಿದ್ದರು. ಸಂಸಾರ ಪೇಟೆಗೆ ಬಂದ ಮೇಲೆ ಅಲ್ಲಿಗೆ ಹೋಗುವವರು ಕಡಿಮೆಯಾದರು. ಯಜಮಾನರು ದಾವಣಗೆರೆಯಲ್ಲಿ ತೀರಿಕೊಂಡಾಗ ಮಕ್ಕಳು ಇಲ್ಲಿಯ ರುದ್ರಭೂಮಿಯಲ್ಲೇ ಮುಗಿಸಿದರು, ಅಲ್ಲಿಗೆ ಆ ನಂಟು ಕಡಿದುಹೋಯಿತು. ಪಾಲಾಗುವಾಗ ಆ ಹೊಲ ಮೈದುನನಿಗೆ ಹೋಗಿ, ಅದೇ ಪಾಲಿನ ಜಗಳದಲ್ಲಿ ಮಾತೂ ನಿಂತಿತ್ತು. ಇದಿಷ್ಟನ್ನೂ ಬೇರೆ ಯಾರದೋ ಮನೆಯ ಸುದ್ದಿಯ ಹಾಗೆ ಹೇಳಿದ ಓನರಮ್ಮ ಕೊನೆಗೆ ತಲೆ ತಗ್ಗಿಸಿದರು.

"ನನ್ನ ಮೊದಲ್ನೇ ಕೂಸು ಅಲ್ಲೈತೆ ತಂಗಿ. ಹೆಣ್ಣುಕೂಸು. ಎಲ್ಲೈತೆ ಅಂತ ನಂಗೊತ್ತಿಲ್ಲ. ಹಂಗೇ ಬಿಟ್ರೆ ಇಟ್ಟಿಗಿ ಆಗಿ ಯಾರ್ದೋ ಮನಿ ಗ್ವಾಡಿ ಸೇರ್ತೈತೆ."

ಗೋಡೆ ಹಿಡಿದು ನಡೆಯುತ್ತಿದ್ದ ಕೂಸಂತೆ. ಇನ್ನೂ ವರ್ಷ ತುಂಬಿರಲಿಲ್ಲ. ಎರಡು ದಿನದ ಜ್ವರ, ಹೋಗಿಬಿಟ್ಟಿತು. ಅವರ ಮನೆಯಲ್ಲಿ ಹೆಂಗಸರು ಮಣ್ಣಿಗೆ ಹೋಗುವಂತಿರಲಿಲ್ಲ. ಗಂಡಸರು ಕೂಸನ್ನು ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋದರು, ಬರಿಗೈಯಲ್ಲಿ ಬಂದು ಸ್ನಾನ ಮಾಡಿದರು. ಎಳೆ ಮಕ್ಕಳಿಗೆ ಗದ್ದಿಗೆಯಿಲ್ಲ, ಎಡೆಯೂ ಇಲ್ಲ. ಯಜಮಾನರನ್ನು ಕೇಳಿದಾಗಲೆಲ್ಲ, ಅದನ್ನು ತಿಳಿದು ಏನು ಮಾಡುತ್ತೀ, ಮುಂದಿನದು ನೋಡು ಅನ್ನುತ್ತಿದ್ದರಂತೆ. ಮುಂದೆ ಇಬ್ಬರು ಗಂಡುಮಕ್ಕಳಾದರು. ಅವರಿಗೆ ಇವತ್ತಿನವರೆಗೂ ಒಬ್ಬ ಅಕ್ಕ ಇದ್ದಳು ಅನ್ನುವುದೇ ಗೊತ್ತಿಲ್ಲ ಅಂದರು.

ಹಾಗಾಗಿ ಕೂಸಿನ ಜಾಗ ಹುಡುಕಲು ಹೊರಟ ಅವರ ಜೊತೆಗೆ ಬಾಡಿಗೆಯವಳಾದ ನಾನೇ ಹೋಗಬೇಕಾಯಿತು. ಮಕ್ಕಳಿಗೆ ಉಕ್ಕಡಗಾತ್ರಿ ಅಜ್ಜಯ್ಯನ ದರ್ಶನಕ್ಕೆ ಹೋಗುತ್ತೇವೆ ಅಂತ ಹೇಳಿದರು. ಅಜ್ಜಯ್ಯನ ಹೆಸರಿನಲ್ಲಿ ಸುಳ್ಳು ಹೇಳಬಹುದಾ ಅಂತ ನಾನು ಕೆಣಕಿದ್ದಕ್ಕೆ, ಬರುವಾಗ ನಿಜವಾಗಿಯೂ ಹೋಗಿಬಂದರೆ ಸುಳ್ಳು ಹೇಗಾಗುತ್ತದೆ ಅಂದರು. ಅವರಿಗೆ ಉತ್ತರವಿಲ್ಲದ ಪ್ರಶ್ನೆ ಅಂತ ಒಂದಿರಲಿಲ್ಲ.

ಹರಿಹರದವರೆಗೆ ಬಸ್ಸು, ಅಲ್ಲಿಂದ ಟೆಂಪೋ. ಚೀಲದಲ್ಲಿ ಒಂದು ಸಣ್ಣ ತಂಬಿಗೆ ಹಾಲು, ಬಾಯಿಗೆ ಬಟ್ಟೆ ಕಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದರು. ಆ ಟೆಂಪೋದ ಗದ್ದಲದಲ್ಲೇ ಅತ್ತೆಯ ಕತೆ ಹೊರಗೆ ಬಂತು. ಹೆಣ್ಣು ಹುಟ್ಟಿತು ಅಂತ ಅತ್ತೆ ಕೂಸನ್ನು ಒಂದು ದಿನವೂ ಎತ್ತಿಕೊಳ್ಳಲಿಲ್ಲವಂತೆ. ತೆವಳಿಕೊಂಡು ಹತ್ತಿರ ಬಂದರೆ ಎಲೆಅಡಿಕೆ ಸಂಚಿ ಎತ್ತಿಕೊಂಡು ಆಚೆ ಸರಿದು ಕೂರುತ್ತಿದ್ದರಂತೆ. ಅತ್ತೆ ತೀರಿಕೊಂಡ ಕೆಲವೇ ತಿಂಗಳಲ್ಲಿ ಕೂಸೂ ಹೋಯಿತು. ಮುದುಕಿಯೇ ಕರೆದುಕೊಂಡು ಹೋದಳು ಅಂತ ಕೇರಿಯವರು ಅಂದರು, ಇವರೂ ನಂಬಿದರು. ಅವತ್ತಿನಿಂದ ಅತ್ತೆಯ ಹೆಸರಿಗೆ ಸೀರೆಯಿಲ್ಲ, ಎಡೆಯಿಲ್ಲ. ಇದನ್ನು ಹೇಳುವಾಗ ಅವರ ಮುಖ ನೋಡಲು ನನಗೆ ಹೆದರಿಕೆಯಾಯಿತು.

ಮೈದುನ ಜಗಲಿಯ ಮೇಲೆ ಕೂತಿದ್ದವರು ಅತ್ತಿಗೆಯನ್ನು ಕಂಡು ಎದ್ದೇ ನಿಂತರು. ಎಷ್ಟೋ ವರ್ಷದ ಮೇಲೆ ಬಂದಿದ್ದಾರೆ, ಬರ್ರಿ ಅನ್ನಬೇಕೋ ಯಾಕೆ ಬಂದಿರಿ ಅನ್ನಬೇಕೋ ತಿಳಿಯದೆ ಟವೆಲ್ಲನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡರು. ಒಳಗಿಂದ ನೀರು ಬಂತು. ಓನರಮ್ಮ ಮುಟ್ಟಲಿಲ್ಲ. ಹೊಲದ ಮಣ್ಣಿನ ಸುದ್ದಿ ನಿಜವೇ ಅಂತ ಕೇಳಿದರು. ನಿಜ, ಆದರೆ ಕಟ್ಟಿದ ಗದ್ದಿಗೆಗಳನ್ನು ಮುಟ್ಟಬಾರದು ಅಂತ ಹೇಳಿಯೇ ಕೊಟ್ಟಿದ್ದೇನೆ, ಅಷ್ಟು ತಿಳಿಯದವನಲ್ಲ ಅಂದರು ಮೈದುನ. ಕಟ್ಟದೇ ಇರುವುದು ಒಂದು ಇದೆಯಲ್ಲ ಅಂದರು ಓನರಮ್ಮ. ಮೈದುನ ಒಳಗೆ ಹೋಗಿ ಕುಡುಗೋಲು ತಂದು, ಹೊಲದ ಕಡೆ ಮುಂದೆ ನಡೆದರು.

ಅಲ್ಲಿಗೆ ಯಾರೂ ಬಾರದೆ ಎಷ್ಟು ಕಾಲವಾಗಿತ್ತೋ. ಲಕ್ಕಿ, ಜಾಲಿ, ಹೆಸರು ಗೊತ್ತಿಲ್ಲದ ಬಳ್ಳಿಗಳು. ಒಂದು ಗದ್ದಿಗೆಯ ಮೇಲಿದ್ದ ನಂದಿಯ ತಲೆ ಒಡೆದಿತ್ತು, ಇನ್ನೊಂದರ ಕಲ್ಲು ಸಂದಿಯಲ್ಲಿ ಹಾವಿನ ಪೊರೆ ನೇತಾಡುತ್ತಿತ್ತು. ಮೈದುನ ಸವರಿದಂತೆಲ್ಲ ಲಕ್ಕಿಯ ಕಹಿ ವಾಸನೆ ಮೂಗಿಗೆ ಅಡರುತ್ತಿತ್ತು. ಆಚೆ ಹೊಳೆಯ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಇದು ತಾತ, ಇದು ಅಪ್ಪ ಅಂತ ಹೇಳುತ್ತ ಅವರು ಕೊನೆಯದೊಂದು ತಗ್ಗು ಗದ್ದಿಗೆಯ ಮುಂದೆ ನಿಂತರು. ಅದರ ಎದುರು ಬರೀ ಹುಲ್ಲು, ಒಂದು ಮೊರದಷ್ಟು ಜಾಗ.

"ಇಲ್ಲೈತೆ ಅತ್ತಿಗಮ್ಮ. ನಮ್ಮವ್ವನ ಮಡಿಲಾಗ."

ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಪದ್ಮಾಸನ ಹಾಕಿ ಕೂರಿಸುತ್ತಾರೆ. ಕೂತವರಿಗೆ ಮಡಿಲಿರುತ್ತದೆ. ಆ ಮನೆತನದಲ್ಲಿ ಎಳೆಗೂಸು ಹೋದರೆ ಅದನ್ನು ಒಂಟಿಯಾಗಿ ಬಿಡುತ್ತಿರಲಿಲ್ಲವಂತೆ. ಕೊನೆಗೆ ತೀರಿಕೊಂಡ ಹಿರಿಯ ಹೆಂಗಸು ಯಾರೋ, ಅವರ ಗದ್ದಿಗೆಯ ಮುಂದೆಯೇ ಒತ್ತಿ ಕುಣಿ ತೋಡಿ, ಅವರ ಕಡೆಗೆ ಮುಖ ಮಾಡಿ ಇಡುತ್ತಿದ್ದರು. ಎತ್ತಿಕೊಳ್ಳಲಿ ಅಂತ. ಇದು ಗಂಡಸರು ನೋಡಿ ಕಲಿತ ಪದ್ಧತಿ. ಹೆಂಗಸರು ಅಲ್ಲಿಗೆ ಬರುತ್ತಲೇ ಇರಲಿಲ್ಲವಾದ್ದರಿಂದ ಅವರಿಗೆ ಯಾರೂ ಹೇಳಿರಲಿಲ್ಲ.

ಓನರಮ್ಮ ಕೂಗಾಡುತ್ತಾರೆ ಅಂದುಕೊಂಡೆ. ಅವರು ಬಹಳ ಮೆಲ್ಲಗೆ, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂತ ಕೇಳಿದರು. ಮೈದುನ ಕುಡುಗೋಲನ್ನು ನೆಲಕ್ಕಿಟ್ಟರು.

"ಅವ್ವನ ಹೆಸರೆತ್ತಿದ್ರೆ ನೀವು ಎದ್ದು ಹೋಗ್ತಿದ್ರಿ. ಅವಳ ಮಡಿಲಿಗೇ ಹಾಕೀವಿ ಅಂತ ಹೆಂಗೆ ಹೇಳ್ಲಿ?"

ಓನರಮ್ಮ ಮೊಣಕಾಲೂರಿ ಕೂತು ಹುಲ್ಲಿನ ಮೇಲೆ ಕೈ ಆಡಿಸಿದರು, ಮಲಗಿದ ಮಗುವಿನ ತಲೆ ಸವರುವಷ್ಟೇ ಹಗುರವಾಗಿ. ತಂಬಿಗೆಯ ಬಟ್ಟೆ ಬಿಚ್ಚಿ ಹಾಲು ಹನಿಸಿದರು. ಎಲ್ಲ ಹನಿಸಿ ಏಳಲು ಹೊರಟವರು ಮತ್ತೆ ಕೂತರು. ಅತ್ತೆಗೆ ಅಂತ ಏನೂ ತಂದಿರಲಿಲ್ಲವಲ್ಲ. ಸೊಂಟದಿಂದ ತಮ್ಮ ಸಂಚಿಯನ್ನೇ ತೆಗೆದು, ಎರಡು ಎಲೆಗೆ ಸುಣ್ಣ ಹಚ್ಚಿ, ಅಡಿಕೆಯಿಟ್ಟು ಮಡಿಚಿ ಗದ್ದಿಗೆಯ ಮೇಲಿಟ್ಟರು.

"ಅತ್ತೇರೆ, ಇಷ್ಟು ವರ್ಷ ಎತ್ಕಂಡು ಕುಂತೀರಿ. ತೊಡಿ ನೋಯ್ತಿರಬೇಕು ನಿಮಗೆ."

ನನಗೆ ಅಳು ಬಂತು. ಅಳಬಾರದು ಅಂತ ಹೊಳೆಯ ಕಡೆ ತಿರುಗಿದೆ, ಆದರೂ ಕಣ್ಣೀರು ನಿಲ್ಲಲಿಲ್ಲ. ಮೈದುನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಓನರಮ್ಮನ ಕಣ್ಣಲ್ಲಿ ಮಾತ್ರ ನೀರಿರಲಿಲ್ಲ. ಎಷ್ಟೋ ಕಾಲದಿಂದ ಹುಡುಕುತ್ತಿದ್ದ ಮಗು ಪಕ್ಕದ ಮನೆಯಲ್ಲಿ ಆಡುತ್ತಿದೆ ಅಂತ ತಿಳಿದ ತಾಯಿಯ ಮುಖ ಅದು.

ಆ ಮೂಲೆಯಷ್ಟನ್ನು, ಪೊದೆ ಸಮೇತ, ಯಾರೂ ಮುಟ್ಟದ ಹಾಗೆ ನೋಡಿಕೊಳ್ಳುತ್ತೇನೆ ಅಂತ ಮೈದುನ ಗದ್ದಿಗೆ ಮುಟ್ಟಿ ಹೇಳಿದರು. ಮನೆಗೆ ಬಂದು ಓನರಮ್ಮ ನೀರು ಕುಡಿದರು, ಉಪ್ಪಿಟ್ಟೂ ತಿಂದರು, ಉಪ್ಪು ಮುಂದಾಗಿದೆ ಅಂತ ಓರಗಿತ್ತಿಗೆ ಹೇಳಿಯೂ ಹೇಳಿದರು. ಆಮೇಲೆ ನಾವು ಉಕ್ಕಡಗಾತ್ರಿಗೆ ನಿಜವಾಗಿಯೂ ಹೋದೆವು. ವಾಪಸ್ಸು ಬರುವಾಗ ಬಸ್ಸಿನಲ್ಲಿ, ಮಕ್ಕಳಿಗೆ ಹೇಳಿ ನೀವೂ ಕೊನೆಗೆ ಅಲ್ಲೇ ಸೇರಬಹುದಲ್ಲ ಅಂದೆ. ಅವರಿಗೆ ನಗು ಬಂತು.

"ಬ್ಯಾಡವ್ವ. ನಾನು ಹೋದ್ರೆ ಕೂಸು ಯಾರ ಹತ್ರ ಇರಬೇಕು ಅಂತ ಮತ್ತೆ ಜಗಳ ಬೀಳ್ತೀವಿ. ಅದರ ನಿದ್ದಿ ಕೆಡ್ತೈತೆ."

ಮುಂದಿನ ದೀಪಾವಳಿಯ ಹಿರೇರ ಹಬ್ಬದಲ್ಲಿ ಪಂಚೆಗಳ ಪಕ್ಕ ಒಂದು ಹಸಿರು ಇಳಕಲ್ ಸೀರೆ ಬಂತು. ಮಕ್ಕಳು ಮುಖ ಮುಖ ನೋಡಿಕೊಂಡರು, ಕೇಳುವ ಧೈರ್ಯ ಅವರಿಗೂ ಇರಲಿಲ್ಲ. ಮರುವರ್ಷ ನಮಗೆ ವರ್ಗವಾಯಿತು. ಕೆಲವು ವರ್ಷಗಳ ಮೇಲೆ ಓನರಮ್ಮ ತೀರಿಕೊಂಡ ಸುದ್ದಿ ಬಂತು. ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ದಾವಣಗೆರೆಯ ರುದ್ರಭೂಮಿಯಲ್ಲಿ, ಯಜಮಾನರ ಪಕ್ಕದಲ್ಲಿ ಅವರನ್ನು ಇಟ್ಟಿದ್ದರು. ಕೂಸಿನ ಮಾತು ಅವರು ಹೇಳದ್ದನ್ನು ನಾನು ಹೇಳುವುದು ಸರಿಯಲ್ಲ ಅನಿಸಿ, ಸುಮ್ಮನೆ ಬಂದೆ...

ಬಾಣಂತನ ಮುಗಿಸಿ ಬರುವಾಗ ಮನಸ್ಸು ತಡೆಯದೆ ಹರಿಹರದಲ್ಲಿ ಇಳಿದು ಆಟೋ ಮಾಡಿಕೊಂಡು ಹೋದೆ. ಹೊಲದ ಗುರುತೇ ಹತ್ತಲಿಲ್ಲ. ಮಣ್ಣು ತೆಗೆದ ಹೊಂಡಗಳಲ್ಲಿ ನೀರು ನಿಂತು ಜೊಂಡು ಬೆಳೆದಿದೆ. ಭಟ್ಟಿಯೂ ಈಗಿಲ್ಲ, ಮೈದುನರೂ ಇಲ್ಲ. ಎಮ್ಮೆ ಮೇಯಿಸುತ್ತಿದ್ದ ಒಬ್ಬರು ಹೇಳಿದರು, ಗದ್ದಿಗೆಗಳಿದ್ದ ಮೂಲೆ ಬಹಳ ಕಾಲ ದಿಬ್ಬದ ಹಾಗೆ ಉಳಿದಿತ್ತಂತೆ, ಯಾರೂ ಗುದ್ದಲಿ ಹಾಕಲಿಲ್ಲವಂತೆ, ಆಮೇಲೆ ಒಂದು ಮಳೆಗಾಲದಲ್ಲಿ ಹೊಳೆ ಉಕ್ಕಿ ದಂಡೆ ಕುಸಿದಾಗ ಅಷ್ಟೂ ನೀರಿಗೆ ಹೋಯಿತಂತೆ. ಮೈದುನ ಮಾತು ಉಳಿಸಿಕೊಂಡಿದ್ದರು. ಇಟ್ಟಿಗೆಯಾಗಲಿಲ್ಲ ಅಂತ ಸಮಾಧಾನ ಮಾಡಿಕೊಂಡೆ. ಅಲ್ಲಿ ಒಂದು ಕೂಸಿತ್ತು ಅಂತ ತಿಳಿದವಳು ಈಗ ನಾನೊಬ್ಬಳೇ, ಆ ಮನೆಗೆ ರಕ್ತಸಂಬಂಧವೂ ಇಲ್ಲದವಳು. ಇದನ್ನು ನನ್ನ ಜೊತೆಗೇ ಕೊಂಡೊಯ್ಯಲು ನನಗೇನು ಅಧಿಕಾರ?

ಮನೆಗೆ ಬಂದು ಓನರಮ್ಮನ ಹಿರಿಯ ಮಗನಿಗೆ ಫೋನ್ ಮಾಡಿದೆ. ಅವರಿಗೂ ಈಗ ತಲೆ ನೆರೆತಿರಬೇಕು. ಮೊದಲಿಂದ ಎಲ್ಲ ಹೇಳಿದೆ. ಅಕ್ಕನ ಹೆಸರೇನಿತ್ತಂತೆ ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ, ಅವರು ಕೂಸು ಅಂತಲೇ ಅನ್ನುತ್ತಿದ್ದರು ಅಂದೆ. ಆಮೇಲೆ ಅವರೇ ಹೇಳಿದರು.

"ಅಕ್ಕಾರೆ, ಹಿರೇರ ಹಬ್ಬಕ್ಕ ಅಮ್ಮ ಅಜ್ಜಿ ಸೀರಿ ಮಡಿಕಿ ಒಳಗೆ ಒಂದು ಸಣ್ಣ ಫ್ರಾಕು ಇಡ್ತಿದ್ಲು. ಯಾರಿಗೆ ಅಂತ ನಾವು ಕೇಳ್ಲಿಲ್ಲ. ಪದ್ಧತಿ ಇರಬೇಕು ಅಂತ ಅವಳು ಹೋದ್ಮೇಲೂ ಇಡ್ತಾನೇ ಬಂದೀವಿ. ಪ್ರತಿ ವರ್ಷ ಅಂಗಡ್ಯಾಗ ಒಂದು ವರ್ಷದ ಕೂಸಿಗೆ ಅಂತ ಹೇಳಿ ತರ್ತೀನಿ."