ಗೆಲ್ಲುವ ತನಕ ಕನ್ನಡ

ಇವತ್ತು ರೊಟ್ಟಿ ಬಡಿಯುತ್ತಿದ್ದೆ. ಬಾಗಿಲ ಕಡೆಯಿಂದ ಅತ್ತರಿನ ವಾಸನೆ ಬಂತು. ತಿರುಗಿ ನೋಡದೆಯೇ ಯಾರೆಂದು ತಿಳಿಯಿತು.

ನಾನು ಚಿಕ್ಕವಳಿದ್ದಾಗ ಇದೇ ವಾಸನೆಯ ನಮ್ಮ ಶಾಸಕ ಪ್ರತಿ ಎಲೆಕ್ಷನ್ನಿಗೂ ತೆಲುಗು ನಾಡಿನ ಗಡಿಯೊಳಗಿನ ಕನ್ನಡದೂರು ಮನೂರಿನ ನಮ್ಮ ಅಡುಗೆಮನೆಗೇ ನುಗ್ಗುತ್ತಿದ್ದ. ಹಣೆ ತುಂಬ ವಿಭೂತಿ, ಬಾಯಲ್ಲಿ ಬೆಣ್ಣೆಯಂಥ ಕನ್ನಡ. "ಯವ್ವಾ, ನಾ ನಿನ್ನ ಮಗಾ ಅದೀನಿ. ಒಂದ್ ಬಿಸಿ ರೊಟ್ಟಿ ಹಾಕವಾ." ತೆಲುಗು ಬಾರದ ನಮ್ಮಜ್ಜಿ ಕರಗಿಹೋಗಿ ಕೆನೆಮೊಸರು ಬಡಿಸುತ್ತಿದ್ದಳು.

ಒಂದು ಸಲ ಹೀಗೇ ಗೆದ್ದ. ನಮ್ಮೂರ ಕನ್ನಡ ಸಾಲಿಗಿದ್ದ ಒಬ್ಬನೇ ಮಾಸ್ತರನ ವರ್ಗವಾಯಿತು. ಅಜ್ಜಿ ನನ್ನ ಕೈ ಹಿಡಿದು ನಾರಾಯಣಖೇಡದ ಅವನ ಆಫೀಸಿಗೆ ಹೋದಳು.

"ಮಾಸ್ತರ್‌ನ ಹೊಳ್ಳಿ ಕಳಸಪ್ಪಾ, ಪೋರಗೋಳ ಸಾಲಿ ನಿಂತಾದ."

ಅವನು ಪಕ್ಕದವರನ್ನು ನೋಡಿ ನಕ್ಕ. "ಏಂ ಕಾವಾಲಮ್ಮಾ? ತೆಲುಗುಲೋ ಚೆಪ್ಪು." ಏನು ಬೇಕು, ತೆಲುಗಿನಲ್ಲಿ ಹೇಳು ಅಂತ! ಅಜ್ಜಿ ಸೆರಗನ್ನು ಬಾಯಿಗೊತ್ತಿಕೊಂಡು ಹೊರಬಂದಳು. ಸಾಲಿಗೆ ಕೀಲಿ ಬಿತ್ತು. ಅವನು ಪಕ್ಷದ ಮೇಲೆ ಪಕ್ಷ ಬದಲಿಸಿದ, ಮಂತ್ರಿಯೂ ಆದ.

ಮತ್ತೆ ಎಲೆಕ್ಷನ್ ಬಂದಿದೆ. ಇವತ್ತು ಆ ಮುದುಕ ಹಣೆ ತುಂಬ ವಿಭೂತಿ ಬಳಿದುಕೊಂಡು ನನ್ನ ಹೊಸ್ತಿಲಲ್ಲಿ ಕೈಮುಗಿದು ನಿಂತಿದ್ದ.

"ಯವ್ವಾ, ಬಿಸಿ ರೊಟ್ಟಿ ಸಿಗ್ತಾದೇನವಾ?"

ನಾನು ಹಂಚಿನಿಂದ ಕಣ್ಣೆತ್ತಲಿಲ್ಲ.

"ಏಂ ಕಾವಾಲಿ ಸಾರ್? ತೆಲುಗುಲೋ ಚೆಪ್ಪಂಡಿ."