ಕೊಟ್ಟಿಗೆಗೆ ಸ್ಪೀಕರ್ ಬಂದದ್ದು

ಮೊನ್ನೆ ನಮ್ಮ ಮನೆ ಮುಂದಿನ ರಸ್ತೆ ಉಬ್ಬಿಗೆ ಹಳದಿ ಬಣ್ಣ ಬಳಿದರು. ಆ ವಾಸನೆ ನಡುಮನೆಯವರೆಗೂ ನುಗ್ಗಿತು. ನಿಮಗೆಲ್ಲ ತಲೆನೋವು ಬಂತು, ನನಗೆ ನಿಮ್ಮ ತಾತನ ನೆನಪು ಬಂತು. ಎದುರಿಗೆ ಕೂರಿಸಿಕೊಂಡು ಹೇಳೋಣವೆಂದರೆ ನಾಲ್ಕು ಮುಖ ನನ್ನನ್ನೇ ನೋಡಿದೊಡನೆ ನನಗೆ ಬಾಯಿ ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ, ಮಕ್ಕಳೇ. ಹಳ್ಳಿ ಶಾಲೆಯ ಅಕ್ಷರ, ಹೊಂದಿಸಿಕೊಂಡು ಓದಿ.

ತಾತ ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದರು. ರಿಟೈರ್ ಆದ ದಿನ ಹಾರ, ಶಾಲು, ಗೋಡೆ ಗಡಿಯಾರದ ಜೊತೆ ಫ್ಯಾಕ್ಟರಿಯನ್ನೂ ಮನೆಗೆ ತಂದುಬಿಟ್ಟರು. ಅಲ್ಲಿ ಯಾವ ಸಾಮಾನು ಎಲ್ಲಿರಬೇಕೆಂದು ನೆಲದ ಮೇಲೆ ಹಳದಿ ಗೆರೆ ಎಳೆದಿರುತ್ತಾರಂತೆ. ಹೆಡತಲೆ ಊರಿನ ಈ ಮನೆಗೂ ಗೆರೆ ಬಂತು. ಕೊಡಪಾನಕ್ಕೆ ಒಂದು ಸುತ್ತು, ಒರಳುಕಲ್ಲಿಗೆ ಒಂದು ಸುತ್ತು. ಒರಳುಕಲ್ಲು ಎಲ್ಲಿಗೆ ಓಡಿಹೋಗುತ್ತದೆಂದು ಅವರು ಹೆದರಿದ್ದರೋ ನನಗೆ ಇಂದಿಗೂ ತಿಳಿಯದು. ಬೆಕ್ಕಿಗೆಂದು ಒಲೆಯ ಪಕ್ಕ ಒಂದು ಚೌಕ ಬರೆದರು. ಬೆಕ್ಕು ಅತ್ತ ತಿರುಗಿಯೂ ನೋಡಲಿಲ್ಲ. ಪಕ್ಕದ ಮನೆಯ ಕೋಳಿ ಬಂದು ಅದರೊಳಗೆ ಮೊಟ್ಟೆಯಿಟ್ಟು ಹೋಯಿತು.

ಆಗಲೇ ನಿಮ್ಮ ಅಪ್ಪನ ಮದುವೆಯ ಮಾತುಕತೆಗೆ ನರಸೀಪುರದಿಂದ ಬೀಗರು ಬಂದರು. ಬಾಗಿಲ ಬಳಿ ಚಪ್ಪಲಿಗೆಂದು ಬರೆದಿದ್ದ ಚೌಕ ಕಂಡು, ಇದೇನೋ ನಮ್ಮ ಮನೆತನದ ಪದ್ಧತಿ ಇರಬೇಕೆಂದುಕೊಂಡು, ಗಂಡ ಹೆಂಡತಿ ಇಬ್ಬರೂ ಕೈಮುಗಿದು ಅದರೊಳಗೆ ನಿಂತರು. ಒಳಗೆ ಕರೆಯುವ ತನಕ ಕದಲಲಿಲ್ಲ. "ಎಷ್ಟು ಶಿಸ್ತಿನ ಜನ!" ಎಂದು ತಾತ ಆಗಲೇ ಸಂಬಂಧ ಒಪ್ಪಿಬಿಟ್ಟರು.

ನಾನು ಯಾವುದಕ್ಕೂ ಎದುರಾಡಲಿಲ್ಲ. ನನ್ನ ಬಾಯಿ ಬಿಚ್ಚುತ್ತಿದ್ದದ್ದು ಒಂದೇ ಕಡೆ, ಕೊಟ್ಟಿಗೆಯಲ್ಲಿ. ಅಲ್ಲಿ ಚೆಲುವಿ ಎಂಬ ನಾಟಿ ಹಸುವಿತ್ತು. ಮಾತಾಡಿಸದಿದ್ದರೆ ಅದು ಹಾಲು ಇಳಿಸುತ್ತಿರಲಿಲ್ಲ. ನಾನು ಕೆಚ್ಚಲು ತೊಳೆಯುತ್ತ ಶುರುಮಾಡಿದರೆ ಮನಸ್ಸಿನಲ್ಲಿದ್ದದ್ದೆಲ್ಲ ಹೊರಗೆ ಬರುತ್ತಿತ್ತು. ಅದು ಕಿವಿ ಹಿಂದಕ್ಕೆ ಮಾಡಿಕೊಂಡು ಕೇಳುತ್ತಿತ್ತು, ಯಾರಿಗೂ ಹೇಳುತ್ತಿರಲಿಲ್ಲ.

ಒಮ್ಮೆ ನನಗೆ ಜ್ವರ ಬಂದು ತಾತನೇ ಹಾಲು ಕರೆಯಲು ಕೂತರು. ತೊಟ್ಟು ಹಾಲೂ ಬರಲಿಲ್ಲ. "ಒಬ್ಬರನ್ನೇ ನಂಬಿ ನಡೆಯೋದು ಸಿಸ್ಟಮ್ಮೇ ಅಲ್ಲ" ಎಂದರು. ನನಗೆ ವಾಸಿಯಾದ ಮೇಲೆ ಫೋನನ್ನು ಹುಲ್ಲಿನಲ್ಲಿ ಬಚ್ಚಿಟ್ಟು ನನ್ನ ಮಾತನ್ನೆಲ್ಲ ಹಿಡಿದುಕೊಂಡರು. ನಂಜನಗೂಡಿಗೆ ಹೋಗಿ ಪೆನ್‌ಡ್ರೈವ್ ಹಾಕುವ ಸ್ಪೀಕರ್ ತಂದರು, ಹೊತ್ತಿಗೆ ಸರಿಯಾಗಿ ತಾನೇ ಶುರುವಾಗುವ ಸ್ವಿಚ್ಚು ತಂದರು. ರೆಕಾರ್ಡಿನಲ್ಲಿ "ಬಾರವ್ವ ಚೆಲುವಿ" ಎಂಬಷ್ಟನ್ನೇ ಕೇಳಿ, ಸರಿಯಿದೆ ಎಂದು ಜೋಡಿಸಿಬಿಟ್ಟರು. ಮಷೀನು ಅಂದರೆ ಸದ್ದಿರಬೇಕು ಎಂಬ ಫ್ಯಾಕ್ಟರಿ ಅಭ್ಯಾಸ, ಸದ್ದನ್ನೂ ಪೂರ್ತಿ ತಿರುಗಿಸಿದರು.

ಮಾರನೆಯ ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದೆ. ನನ್ನ ಧ್ವನಿ ಬೀದಿಯ ಕೊನೆಯವರೆಗೂ ಕೂಗಿತು: "ಬಾರವ್ವ ಚೆಲುವಿ... ಮೂಗೂರಿಗೆ ಓಗ್ಬುಟ್ಟು ಬತ್ತೀನಿ, ತವರ್ಮನೆ ಮೊಕ ನೋಡಿ ಬೋ ದಿನ ಆಯ್ತು ಅಂದ್ರೆ, ಮುಂಚೇನೆ ರಜಾ ಕೇಳ್ಬೇಕು, ಬದ್ಲಿ ಆಳು ತೋರ್ಸು ಅಂತದೆ ಕಣವ್ವ ಈ ಮನ್ಸ. ನಂಗೂ ಒಂದು ಗೆರೆ ಎಳ್ದು ಅದ್ರೊಳಗೇ ನಿಲ್ಸಾದು ಒಂದ್ ಬಾಕಿ!"

ಪೊರಕೆ ಕೈಯಲ್ಲೇ ಉಳಿಯಿತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಚೆಲುವಿ ಮಾತ್ರ ಧಾರಾಳವಾಗಿ ಹಾಲು ಕೊಟ್ಟಿತು. ಮರುದಿನದಿಂದ ಹಾಲಿಗೆ ಬರುವ ಹೆಂಗಸರು ಹೊತ್ತಿಗೆ ಮೊದಲೇ ಬಂದು ಜಗಲಿ ಹಿಡಿದರು. ಎದುರು ಮನೆ ಪುಟ್ಟಮ್ಮ ಕಿಟಕಿಯಲ್ಲಿ ಇಣುಕಿ, "ಅಕ್ಕಯ್ಯ, ನೆನ್ನೆ ಕರೆಂಟ್ ಓಗ್ಬುಟ್ಟು ಅರ್ಧಕ್ಕೇ ನಿಂತೋಯ್ತು. ಆಮೇಕೆ ರಜಾ ಕೊಟ್ರಾ, ಇಲ್ವಾ? ನೀನೇ ಏಳ್ಬುಡು" ಎಂದಳು. ಟೀ ಅಂಗಡಿಯಲ್ಲಿ ಗಂಡಸರು ತಾತನನ್ನು ಕೇಳಿದರಂತೆ: "ಏನಣ್ಣೋ, ಒರಳ್ಕಲ್ಲು ಇವತ್ತು ಗೆರೆ ದಾಟ್ತಾ?"

ತಾತ ಕೂತು, ತಮ್ಮನ್ನು ಬೈದದ್ದನ್ನೆಲ್ಲ ಕತ್ತರಿಸಿ ತೆಗೆದು, ಹೊಸದು ಹಾಕಿದರು. ಉಳಿದದ್ದು "ಬಾರವ್ವ, ನಿಂತ್ಕೋ, ಕಾಲೆತ್ತು" ಇಷ್ಟೇ. ಚೆಲುವಿ ಕಾಲನ್ನೇನೋ ಎತ್ತಿತು, ಬಕೆಟ್ಟು ಉರುಳಿತು. ಬೇರೆ ದಾರಿ ಕಾಣದೆ ಬೈಗುಳವನ್ನೆಲ್ಲ ವಾಪಸ್ ಸೇರಿಸಿದರು. ಆಮೇಲೆ ಬೆಳಿಗ್ಗೆ ಸಂಜೆ ಹಸುವಿನ ಕೆಳಗೆ ಕುಕ್ಕರುಗಾಲಲ್ಲಿ ಕೂತು, ತಲೆ ತಗ್ಗಿಸಿ, ತಮ್ಮ ಮೇಲಿನ ದೂರು ಕೇಳುತ್ತ ಹಾಲು ಕರೆದರು.

ನಾನು ಕೊಟ್ಟಿಗೆಯತ್ತ ಹೋಗುವುದನ್ನೇ ಬಿಟ್ಟೆ. ನನ್ನ ಧ್ವನಿ ಅಲ್ಲಿತ್ತು, ನಾನು ಇಲ್ಲಿದ್ದೆ. ಊರಿಗೆಲ್ಲ ನನ್ನ ಮಾತು ಕೇಳುತ್ತಿತ್ತು, ನನಗೆ ಮಾತೇ ಇರಲಿಲ್ಲ. ಊಟ ಬಡಿಸುವಾಗಲೂ ಕೈಸನ್ನೆ ಮಾಡುತ್ತಿದ್ದೆ. ಹೀಗೇ ಮೂಕಿಯಾಗಿಬಿಡುತ್ತೇನೆಂದು ನಿಜಕ್ಕೂ ಹೆದರಿದ್ದೆ.

ಕೊನೆಗೆ ಚೆಲುವಿಗೂ ಬೇಸರವಾಯಿತು. ರೆಕಾರ್ಡು ಹಾಕಿದರೂ ಹಾಲು ಬರಲಿಲ್ಲ. ತಾತ ಅಡುಗೆಮನೆಗೆ ಬಂದು ಫೋನನ್ನು ನನ್ನ ಮುಖಕ್ಕೆ ಹಿಡಿದರು.

"ಏನಮ್ಮಿ, ಹಳೇದು ಕೇಳಿ ಕೇಳಿ ಅದ್ಕೆ ಸಾಕಾಗೈತೆ. ಹೊಸ್ದಾಗಿ ಒಸಿ ಬಯ್ಯಿ."

"ಯಾರ್ನ?"

"ನನ್ನೇ. ಇನ್ಯಾರ್ನ ಬೈದ್ರೂ ಅದು ಹಾಲು ಬುಡಲ್ಲ."

ಅದೆಲ್ಲಿತ್ತೋ ನನಗೆ ಬಾಯಿ. "ಮನೆ ತುಂಬ ನಿಮ್ಮ ಗೆರೆ. ನಂದು ಅಂತ ಇದ್ದದ್ದು ಅದೊಂದು ಕೊಟ್ಟಿಗೆ. ಅಲ್ಲಿ ಆಡ್ದ ಮಾತ್ನೂ ತಂದು ಬೀದಿಗೆ ಆಕ್ಬುಟ್ರಲ್ಲ! ನನ್ನ ಅಸು ನಂಗೆ ಬೇಕು. ನನ್ನ ಮಾತೂ ನಂಗೆ ಬೇಕು" ಎಂದೆ. ಅವರ ಮುಖ ನೋಡಿಕೊಂಡೇ ಅಂದೆ.

ತಾತ ಫೋನು ನೋಡಿದರು. "ರೆಕಾರ್ಡ್ ಆಗ್ನಿಲ್ಲ" ಎಂದರು. ಅದನ್ನು ಜೇಬಿಗಿಟ್ಟು, "ಬುಡು. ನಂಗೆ ಕೇಳುಸ್ತು" ಎಂದರು.

ಸಂಜೆ ಕೊಟ್ಟಿಗೆಗೆ ಹೋದರೆ ಸ್ಪೀಕರ್ ಇರಲಿಲ್ಲ. ನಾನು ಕೂತು ಕೆಚ್ಚಲು ತೊಳೆಯುತ್ತಿರುವಾಗ ಗೋಡೆಯ ಆಚೆಯಿಂದ ಕೆಮ್ಮು ಕೇಳಿಸಿತು. "ಚೆಲುವಿ, ನಿಮ್ಮವ್ವಂಗೆ ಹೇಳು. ಭಾನ್ವಾರ ಮೂಗೂರಿಗೆ ಹೋಗ್ಲಿ. ಬದ್ಲಿ ಆಳು ನಾನೇ ಇದೀನಿ."

"ಚೆಲುವಿ, ಅವ್ರಿಗೆ ಮುದ್ದೆ ತೊಳ್ಸಿ ಕಟ್ಟಕ್ಕೆ ಬರಲ್ಲ ಅಂತ ಏಳವ್ವ" ಎಂದೆ.

ಆಮೇಲೆ ಅವರಿರುವ ತನಕ ನಮ್ಮ ಸಂಸಾರದ ದೊಡ್ಡ ಮಾತುಗಳೆಲ್ಲ ಆ ಹಸುವಿನ ಮೂಲಕವೇ ನಡೆದವು. ಈಗ ಅವರಿಲ್ಲ, ಚೆಲುವಿಯೂ ಇಲ್ಲ. ಇರುವುದು ಅದರ ಮೊಮ್ಮಗಳು. ನಿಮ್ಮ ಅಮ್ಮ ಹಾಲು ಕರೆಯುವ ಮಷೀನು ತಂದಿದ್ದಾಳೆ, ಅದಕ್ಕೆ ಯಾರ ಮಾತೂ ಬೇಡ. ಒಳ್ಳೆಯದೇ, ನನಗೂ ಈಗ ಬೆರಳು ಸರಿಯಾಗಿ ಮಡಚಲು ಆಗದು. ಆದರೂ ಹೊತ್ತಿಗೆ ಸರಿಯಾಗಿ ಹೋಗಿ ಕೊಟ್ಟಿಗೆಯಲ್ಲಿ ಕೂರುತ್ತೇನೆ.

ನಿಮ್ಮ ಅಮ್ಮ ಈ ಮನೆಗೆ ಬಂದಾಗಿನಿಂದ ನನ್ನೆದುರು ಹೂಂ, ಊಹೂಂ ಬಿಟ್ಟು ಮೂರನೆಯ ಮಾತಾಡಿದವಳಲ್ಲ. ನಾವಿಬ್ಬರೂ ನಾಚಿಕೆಯವರೇ. ರಸ್ತೆಗೆ ಬಣ್ಣ ಬಳಿದ ದಿನ ಸಂಜೆ ಅವಳು ಮಷೀನು ತೆಗೆದಿಟ್ಟಳು, ಹೋಗಲಿಲ್ಲ. ನನ್ನ ಕಡೆ ಬೆನ್ನು ಮಾಡಿ ಹಸುವಿನ ಕತ್ತು ತುರಿಸುತ್ತ, "ನಮ್ಮತ್ತೆ ಸಾರಿಗೆ ಬೋ ಉಪ್ಪಾಕ್ತಾರೆ ಕಣೇ" ಎಂದಳು.

ನಾನು ಕೂತಲ್ಲಿಂದ ಎದ್ದೆ. ಆಮೇಲೆ ಹಸುವಿನ ಇನ್ನೊಂದು ಪಕ್ಕಕ್ಕೆ ಹೋಗಿ ನಿಂತೆ. "ಹಂಗಾರೆ ನಾಳಿಂದ ಅವ್ಳೇ ಮಾಡ್ಲಿ ಅಂತ ಏಳವ್ವ" ಎಂದೆ.

ಮಾರನೆಯ ದಿನದ ಸಾರಿನಲ್ಲಿ ಉಪ್ಪೇ ಇರಲಿಲ್ಲ. ಸಂಜೆಯಾಗುವುದನ್ನೇ ಕಾಯುತ್ತ, ಇನ್ನೊಂದು ಸೌಟು ಹಾಕಿಸಿಕೊಂಡು ಉಂಡೆ.