ಮಿಲ್ಲಿನಕ್ಕ ಒಣಗಲು ಬಿಡದ ರಸ್ತೆ

ನೆಂದ ಗೋಣಿಚೀಲದ ವಾಸನೆ. ಮಾಕಳಿಯಲ್ಲಿ ನಾನೀಗಿರುವ ಮನೆಯ ಮುಂದೆ ರಸ್ತೆಗೆ ಕಾಂಕ್ರೀಟ್ ಹಾಕಿದ್ದಾರೆ. ಅದು ಬಿರುಕು ಬಿಡದೆ ಗಟ್ಟಿಯಾಗಲೆಂದು ಮೇಲೆ ಚೀಲ ಹಾಸಿ ದಿನಾ ನೀರು ಹಾಕುತ್ತಾರೆ. ಇವತ್ತು ಬೆಳಿಗ್ಗೆ ಕಿಟಕಿ ತೆಗೆದಾಗ ಆ ವಾಸನೆ ಒಳಗೆ ಬಂತು, ಆದರೆ ಅರ್ಧ ಮಾತ್ರ. ಏನೋ ಕಡಿಮೆಯಿತ್ತು. ಹಲ್ಲುಜ್ಜುತ್ತಾ ನಿಂತಾಗ ಹೊಳೆಯಿತು, ಸೋಪು! ನನಗೆ ಗೊತ್ತಿದ್ದ ಗೋಣಿಚೀಲಕ್ಕೆ ಸೋಪಿನ ಪುಡಿಯ ವಾಸನೆಯಿತ್ತು...

ಆಗ ನಾನು ಪೀಣ್ಯದ ಒಂದು ಅಡ್ಡರಸ್ತೆಯಲ್ಲಿ ಬಾಡಿಗೆಗಿದ್ದೆ. ಎದುರಿಗೆ ಹಿಟ್ಟಿನ ಮಿಲ್ಲು. ಅದನ್ನು ನಡೆಸುತ್ತಿದ್ದವರನ್ನು ಎಲ್ಲರೂ ಮಿಲ್ಲಿನಕ್ಕ ಎನ್ನುತ್ತಿದ್ದರು. ಫ್ಯಾಕ್ಟರಿಗಳು ಬರುವ ಮುಂಚಿನಿಂದಲೂ ಅಲ್ಲೇ ಇದ್ದ ಮನೆತನ. ಅವರು ತುಂಬಾ ಎತ್ತರ ಎಂದು ಬರೆಯಹೊರಟೆ. ನಿಜವಾಗಿ ಎತ್ತರವಿದ್ದರೋ, ತಲೆಯಿಂದ ಕಾಲಿನವರೆಗೆ ಹಿಟ್ಟು ಮೆತ್ತಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದುದರಿಂದ ಹಾಗೆ ಕಂಡರೋ, ಹೇಳಲಾರೆ. ನೆನಪು ಇಷ್ಟವಾದವರನ್ನು ಉದ್ದ ಮಾಡುತ್ತದೆ.

ಕಾಂಕ್ರೀಟ್ ಹಾಕಲೆಂದು ನಮ್ಮ ರಸ್ತೆ ಮುಚ್ಚಿದಾಗ ಎಲ್ಲರಿಗಿಂತ ಹೆಚ್ಚು ಬೈದವರು ಅವರೇ. ಗಿರಾಕಿಗಳ ಸ್ಕೂಟರ್ ಮಿಲ್ಲಿನ ತನಕ ಬರುವಂತಿರಲಿಲ್ಲ. “ರಾಗಿ ಡಬ್ಬಾನ ತಲೆ ಮ್ಯಾಲೆ ಒತ್ಕಂಡ್ ಬರ್ತಾರೇನ್ರಪ್ಪ ಜನ?” ಎಂದು ಕೆಲಸದವರನ್ನು ಕೇಳುತ್ತಿದ್ದರು. ಆಮೇಲೊಂದು ಸಂಜೆ, ಕಾಂಕ್ರೀಟ್ ಕಾಲಿಟ್ಟರೆ ತಡೆಯುವಷ್ಟು ಗಟ್ಟಿಯಾದಾಗ, ರಸ್ತೆಯ ಮಧ್ಯಕ್ಕೆ ಬಂದು ನಿಂತರು. ಒಂದು ಟೆಂಪೋ ಇಲ್ಲ, ಹಾರ್ನ್ ಇಲ್ಲ. ಆ ತುದಿಯಿಂದ ಈ ತುದಿಗೆ ನೋಡಿ, “ಇಷ್ಟು ಅಗಲ ಇತ್ತಾ ಇದು?” ಎಂದರು.

ಮರುದಿನ ಅವರ ಕೈಯಲ್ಲಿ ಥ್ರೋಬಾಲ್ ಇತ್ತು.

ನಮ್ಮ ಕಡೆ ಒಂದು ಮೈದಾನವಿತ್ತು, ಇಲ್ಲವೆಂದಲ್ಲ. ಅದು ಹುಡುಗರ ಕ್ರಿಕೆಟ್ಟಿನದು. ನಾವು ಹೋದರೆ “ಆಂಟಿ, ಬಾಲ್ ಬೀಳತ್ತೆ, ಸೈಡಿಗೆ ಹೋಗಿ” ಎನ್ನುತ್ತಿದ್ದರು. ಈಗ ನಮ್ಮ ಬಾಗಿಲ ಮುಂದೆಯೇ ಕೋರ್ಟು! ಮಿಲ್ಲಿನ ಕಿಟಕಿಯಿಂದ ಎದುರಿನ ಕಂಬಕ್ಕೆ, ಹೊಸ ಕಟ್ಟಡಗಳಿಗೆ ಹೊದಿಸುವ ಹಸಿರು ಬಲೆ ಕಟ್ಟಿದೆವು. ಸಂಜೆ ಚೀಲ ಸರಿಸಿ ಆಡಿ, ಮತ್ತೆ ಹಾಸುತ್ತಿದ್ದೆವು. ಹೈಸ್ಕೂಲಿನಲ್ಲಿ ಆಡಿದ್ದೆ ಎಂದು ಅಕ್ಕ ಒಂದು ದಿನ ಹೇಳಿದರು, ಆಡುವವರನ್ನು ನೋಡಿದ್ದೆ ಎಂದು ಇನ್ನೊಂದು ದಿನ. ಕೈಗೆ ಹಿಟ್ಟು ಸವರಿಕೊಂಡು ಎಸೆಯುತ್ತಿದ್ದರು, ಚೆಂಡು ಬೆವರಿಗೆ ಜಾರಬಾರದೆಂದು. ಪಕ್ಕದ ವಠಾರದ ರಾಯಚೂರು ಕಡೆಯ ಹೆಂಗಸು ಕಟ್ಟಡದ ಕೆಲಸದವಳು, ಯಾವ ಚೆಂಡನ್ನೂ ಬಿಡುತ್ತಿರಲಿಲ್ಲ. “ದಿನಾ ಇಟ್ಟಂಗಿ ಹಿಡಿಯೂ ಕೈರೀ ಯಕ್ಕಾ, ಇದು ಹೂ ಇದ್ದಂಗ ಐತಿ” ಎನ್ನುತ್ತಿದ್ದಳು.

ಹಿಂದಿನ ರಸ್ತೆಯ ಗಾರ್ಮೆಂಟ್ಸ್ ಹೆಂಗಸರು ನಮ್ಮ ಸದ್ದು ಕೇಳಿ ಪಂದ್ಯಕ್ಕೆ ಬಂದರು. ಒಂದು ಭಾನುವಾರ ಆಡಿದೆವು. ಅವರಿಗೊಂದು ಗೇಮು, ನಮಗೊಂದು. ಮೂರನೆಯದಕ್ಕೆ ಕತ್ತಲಾಯಿತು. ಬೀದಿದೀಪದ ತಂತಿಯನ್ನು ಕೆಲಸದವರು ಕಿತ್ತಿದ್ದರು. “ಮುಂದಿನ ಭಾನುವಾರ ಬಂದು ಮುಗಿಸ್ತೀವಿ” ಎಂದು ಅವರು ಹೋದರು. ಆದರೆ ಶುಕ್ರವಾರವೇ ಕೆಲಸದವರು ತಮ್ಮ ಚೀಲ, ಬ್ಯಾರಿಕೇಡ್ ಎಲ್ಲವನ್ನೂ ಟ್ರ್ಯಾಕ್ಟರಿಗೆ ತುಂಬಿಕೊಂಡು ಹೊರಟರು. ನಾಳೆಯಿಂದ ಗಾಡಿ ಬಿಡಬಹುದು ಎಂದರು. ನಮ್ಮ ಮೂರನೆಯ ಗೇಮು ಅಲ್ಲಿಗೆ ಮುಗಿದಂತೆ.

ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ರಸ್ತೆಯ ಎರಡೂ ಬಾಯಿಗೆ ಚೀಲ ಹಾಸಿದೆ! ಮಿಲ್ಲಿನ ಚೀಲ. ಅಕ್ಕ ಬಕೆಟ್ ಹಿಡಿದು ನೀರು ಸುರಿಯುತ್ತಿದ್ದರು. ಟ್ಯಾಂಕರ್ ನೀರನ್ನು ರಸ್ತೆಗೆ ಸುರಿಯಲು ಯಾರಿಗೂ ಮನಸ್ಸಿಲ್ಲ, ಹಾಗಾಗಿ ಮನೆಮನೆಯಿಂದ ಬಟ್ಟೆ ಜಾಲಿಸಿದ ನೀರು ಬಂತು. ಟೆಂಪೋದವನೊಬ್ಬ ಇಣುಕಿ ಕೇಳಿದ, “ಇನ್ನೂ ಆಗಿಲ್ವಾ ಅಕ್ಕ?”

“ನೀರಾಕ್ತಿರೋದು ಕಾಣಕ್ಕಿಲ್ವಾ?”

ಅವನು ರಿವರ್ಸ್ ತೆಗೆದು ಸುತ್ತಿಕೊಂಡು ಹೋದ. ಅವನ ಹಿಂದೆ ಇನ್ನಷ್ಟು ಜನ. ಅಕ್ಕನ ಸ್ವಂತ ಗಿರಾಕಿಗಳೂ ಹೋದರು. ಅಕ್ಕ ಅತ್ತ ತಿರುಗಿಯೂ ನೋಡಲಿಲ್ಲ.

ಭಾನುವಾರ ಆಟ ಕೊನೆಗೆ ಬಂದಿತ್ತು. ಗೆಲ್ಲಲು ಗಾರ್ಮೆಂಟ್ಸಿನವರಿಗೆ ಎರಡು ಪಾಯಿಂಟ್ ಬೇಕು, ನಮಗೆ ಮೂರು. ಆಗ ರಸ್ತೆಯ ಎಂಜಿನಿಯರ್ ಬೈಕಿನಿಂದಿಳಿದು ಬಂದರು. ಹಿಂದೆ ಇಬ್ಬರು ಟೆಂಪೋದವರು.

“ಯಾರಮ್ಮ ಚೀಲ ಹಾಕಿದ್ದು? ಕ್ಯೂರಿಂಗ್ ಮೊನ್ನೇನೇ ಮುಗೀತಲ್ಲ.”

“ನಾವೇ ಸಾರ್. ಇನ್ನೊಂಚೂರು ಗಟ್ಟಿಯಾಗ್ಲಿ ಅಂತ.”

ಎಂಜಿನಿಯರ್ ಬಗ್ಗಿ ಚೀಲವನ್ನು ಹಿಂಡಿದರು. “ಗಟ್ಟಿಯಾಗೋಕೆ ಸೋಪಿನ ನೊರೆ ಯಾಕಮ್ಮ?”

ಎರಡೂ ಕಡೆಯ ಹೆಂಗಸರು ಕಿಸಕ್ಕೆಂದರು. “ನೆನ್ನೆಯಿಂದ ನಮ್ಮನ್ನ ಊರೆಲ್ಲ ಸುತ್ತಿಸ್ಬಿಟ್ಯಲ್ಲಕ್ಕ!” ಎಂದು ಟೆಂಪೋದವನು ತಲೆ ಚಚ್ಚಿಕೊಂಡ. ಅಕ್ಕ ಮಾತ್ರ ನಗಲಿಲ್ಲ. ಚೆಂಡನ್ನು ಹೊಟ್ಟೆಗೆ ಅವಚಿಕೊಂಡು ನಿಂತಿದ್ದರು.

“ಬೈಯೋದಾದ್ರೆ ಬೈರಿ ಸಾರ್. ಇನ್ನು ಮೂರು ಪಾಯಿಂಟ್ ಐತೆ. ಮುಗಿದ್ ಮ್ಯಾಲೆ ಬೈರಿ.”

ಎಂಜಿನಿಯರ್ ನಮ್ಮನ್ನು ನೋಡಿದರು, ಬಲೆಯನ್ನು ನೋಡಿದರು, ಚರಂಡಿಯ ಕಲ್ಲಿನ ಮೇಲೆ ಕುಳಿತರು.

ಮೂರು ಪಾಯಿಂಟೂ ನಮ್ಮದೇ! ಒಂದನ್ನೂ ಬಿಟ್ಟುಕೊಡಲಿಲ್ಲ. ಕೊನೆಯ ಚೆಂಡನ್ನು ಅಕ್ಕ ಎಸೆದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಫೋನಿನಲ್ಲಿ ಕೇಳಿದರೆ ರಾಯಚೂರಿನವಳು “ಇಲ್ರೀ, ಅದು ನಾ ಒಗದಿದ್ದು” ಎನ್ನುತ್ತಾಳೆ. ಇರಲಿ. ಟೆಂಪೋದವರು ಗಾಡಿಯ ಮೇಲೆ ಹತ್ತಿ ನಮ್ಮ ಪರವಾಗಿ ಕೂಗಿದ್ದರ ಬಗ್ಗೆ ತಕರಾರಿಲ್ಲ. ಚೆಂಡು ಬಿದ್ದಲ್ಲೆಲ್ಲ ಹೊಸ ರಸ್ತೆಯ ಮೇಲೆ ಹಿಟ್ಟಿನ ಬಿಳಿ ಗುರುತಿದ್ದುದರ ಬಗ್ಗೆಯೂ ಇಲ್ಲ.

“ಈಗ ಬೈಯ್ಲಾ?” ಎಂದರು ಎಂಜಿನಿಯರ್.

“ಟೀ ಕುಡ್ಕಂಡು ಬೈರಿ. ಅಂಗೇ, ಆ ಮೂಲೇಲಿ ನಿಮ್ಮೋರು ಜಲ್ಲಿ ಗುಡ್ಡೆ ಹಾಕವ್ರಲ್ಲ, ಅದು ತೆಗುದ್ ಮ್ಯಾಲೆ ಆ ಜಾಗ ಯಾರ್ದು ಸಾರ್?”

ಆ ಒಂದು ಪ್ರಶ್ನೆಯಿಂದಲೇ ಆ ಮೂಲೆಯಲ್ಲಿ ಥ್ರೋಬಾಲ್ ಕೋರ್ಟು ಬಂತು ಎಂದು ಮುಗಿಸಿದರೆ ಚೆಂದ. ಹಾಗಾಗಲಿಲ್ಲ. ವಾರ್ಡ್ ಆಫೀಸಿಗೆ ಅಲೆದಾಟ, ಬೇಲಿ, ಬೇಲಿಯೊಳಗೆ ಕಸ, ಮತ್ತೆ ಅಲೆದಾಟ. ಅಕ್ಕ ಪ್ರತಿ ಸಲವೂ ಹಿಟ್ಟಿನ ಮೈಯಲ್ಲೇ ಹೋಗುತ್ತಿದ್ದರು. ಅವರು ಕುಳಿತೆದ್ದ ಕುರ್ಚಿ ಒರೆಸುವಷ್ಟರಲ್ಲಿ ಆಫೀಸಿನವರಿಗೆ ಸಾಕಾಗುತ್ತಿತ್ತಂತೆ. ಕೊನೆಗೆ ನೆಲ ಮಟ್ಟವಾಯಿತು, ಕಂಬ ಬಂತು, ದೀಪ ಬಂತು. ಈಗಲೂ ಸಂಜೆ ಅಲ್ಲಿ ಹೆಂಗಸರು ಆಡುತ್ತಾರೆ. ಹುಡುಗರು ಬಂದರೆ “ಸೈಡಿಗೆ ಹೋಗ್ರೋ” ಎನ್ನುತ್ತಾರೆ.

ಅಕ್ಕ ಹೋದ ವರ್ಷ ತೀರಿಕೊಂಡರು. ಮಿಲ್ಲು ಈಗ ಬ್ಯಾಟರಿ ಅಂಗಡಿ. ನಾನು ಕೊನೆಯ ಸಲ ನೋಡಿದಾಗ ಅವರ ಮೈಮೇಲೆ ಹಿಟ್ಟಿರಲಿಲ್ಲ, ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು...

ಇವತ್ತು ಸಂಜೆ ನಮ್ಮ ರಸ್ತೆಯಲ್ಲಿ ಇಬ್ಬರು ಹುಡುಗಿಯರು ಶಟಲ್ ಆಡುತ್ತಿದ್ದರು. ನಾಳೆ ಗಾಡಿ ಬಿಡುತ್ತಾರಂತೆ. ಚೀಲಗಳು ಒಣಗಿ ಸುರುಟಿದ್ದವು. ಒಳಗೆ ಹೋಗಿ, ಬಟ್ಟೆ ಜಾಲಿಸಿದ ಬಕೆಟ್ ತಂದು, ರಸ್ತೆಯ ಬಾಯಿಯಲ್ಲಿದ್ದ ಚೀಲಗಳ ಮೇಲೆ ಸುರಿದೆ. ವಾಸನೆ ಪೂರ್ತಿಯಾಯಿತು.

“ಆಂಟಿ, ನಾಳೆ ಓಪನ್ ಅಲ್ವಾ?” ಎಂದಳು ಒಬ್ಬಳು.

“ನೀರು ಹಾಕ್ತಿರೋದು ಕಾಣಲ್ವಾ?” ಎಂದೆ.

ಅವಳು ಒಂದು ಕ್ಷಣ ನನ್ನನ್ನೂ ನೊರೆಯನ್ನೂ ನೋಡಿದಳು. ಆಮೇಲೆ ತಾನೂ ಒಂದು ಬಕೆಟ್ ತರಲು ಓಡಿದಳು.